ಕಗ್ಗಾಡಿನಲ್ಲಿ ಎಲ್ಕ್ ಬೇಟೆ: ರೈಫಲ್ ಕ್ಯಾಲಿಬರ್ ಆರಿಸುವುದು ಹೇಗೆ?

ಬೇಸಿಗೆ ಮುಗಿಯುತ್ತಾ ಬಂತು ಅಂದರೆ ಡೆನ್ವರ್, ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆಯ ಕನ್ನಡಿಗ ಗೆಳೆಯರಿಂದ ಒಂದೇ ಪ್ರಶ್ನೆ ಬರುತ್ತೆ. "ಎಲ್ಕ್ ಟ್ಯಾಗ್ ಸಿಕ್ಕಿದೆ. ಯಾವ ರೈಫಲ್ ತಗೊಳ್ಳಲಿ? .308 ಸಾಕಾ, ಮ್ಯಾಗ್ನಮ್ಮೇ ಬೇಕಾ? ಪೊದೆ ಸೀಳಿಕೊಂಡು ಹೋಗುವ ಗುಂಡು ಯಾವುದು?" ಟ್ಯಾಗ್ ಅಂದರೆ ಒಂದು ಪ್ರಾಣಿ ಹೊಡೆಯಲು ರಾಜ್ಯ ಕೊಡುವ ಅನುಮತಿ ಚೀಟಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಎಲ್ಕ್ ಅಂದರೆ ನಮ್ಮ ಕಡವೆಯ ಜಾತಿಯದೇ, ಆದರೆ ಇನ್ನೂ ದೊಡ್ಡದು. ಕೊಲೊರಾಡೊದ ರಾಕಿ ಬೆಟ್ಟಗಳ ಗಂಡು ಎಲ್ಕ್ ಸುಮಾರು 300 ಕಿಲೋ ತೂಗುತ್ತೆ, ಹೆಣ್ಣು 225 ಕಿಲೋ ಆಸುಪಾಸು. ಆರೆಗನ್, ವಾಷಿಂಗ್ಟನ್ ಕರಾವಳಿಯ ಮಳೆಕಾಡಿನ ರೂಸ್‌ವೆಲ್ಟ್ ಎಲ್ಕ್ ಇನ್ನೂ ಭಾರಿ. ಬೇಟೆಯ ಋತು ಶುರುವಾಗಿ ನಾಲ್ಕು ಗುಂಡಿನ ಸದ್ದು ಕೇಳಿಸಿದರೆ ಸಾಕು, ಇವು ಬಯಲು ಬಿಟ್ಟು ಸ್ಪ್ರೂಸ್, ಫರ್ ಮರಗಳ ಕತ್ತಲೆಗೆ ನುಗ್ಗಿಬಿಡುತ್ತವೆ. ಇಲ್ಲಿನವರು ಅದನ್ನು ಡಾರ್ಕ್ ಟಿಂಬರ್ ಅನ್ನುತ್ತಾರೆ. ನಮ್ಮ 'ಕಗ್ಗಾಡು' ಅನ್ನುವ ಪದ ಅದಕ್ಕೆ ಸರಿಯಾಗಿ ಹೊಂದುತ್ತೆ. ಈ ಲೇಖನ ಆ ಕಗ್ಗಾಡಿನ ಬೇಟೆಗೆ ಮಾತ್ರ. ಬಯಲಲ್ಲಿ 400 ಗಜ ದೂರ ಹೊಡೆಯುವ ಲೆಕ್ಕವೇ ಬೇರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಅಮೆರಿಕದಲ್ಲಿ, ಲೈಸೆನ್ಸ್ ಮತ್ತು ಟ್ಯಾಗ್ ಇಟ್ಟುಕೊಂಡು ಮಾಡುವ ಬೇಟೆಯ ವಿಷಯ. ನಮ್ಮೂರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಕಥೆ. ಅದು ಹಾಗೇ ಇರಬೇಕು ಅನ್ನುವವನು ನಾನು. ಇಲ್ಲಿ ಪ್ರತಿ ರಾಜ್ಯದ ವನ್ಯಜೀವಿ ಇಲಾಖೆ ಹಿಂಡಿನ ಅಂದಾಜು ನೋಡಿಕೊಂಡು ಟ್ಯಾಗ್ ಕೊಡುತ್ತೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್, ತೋಟಾಗಳ ಮೇಲಿನ 11% ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತೆ.

ಮೊದಲು ನಾಲ್ಕು ಪದ

ಅಂಗಡಿಗೆ ಹೋದರೆ ಈ ಪದಗಳು ಮಳೆ ಹಾಗೆ ಸುರಿಯುತ್ತವೆ. ತಿಳಿದುಕೊಂಡು ಹೋಗಿ.

ತೋಟಾ ಅಂದರೆ ಹಿತ್ತಾಳೆ ಕೊಳವೆ, ಅದರೊಳಗಿನ ಮದ್ದು, ಮದ್ದಿಗೆ ಕಿಡಿ ಹಚ್ಚುವ ತಳದ ಕೇಪು, ತುದಿಯ ಗುಂಡು, ಎಲ್ಲ ಸೇರಿದ್ದು. ನಳಿಗೆಯಿಂದ ಹಾರಿ ಹೋಗುವುದು ಗುಂಡು ಮಾತ್ರ.

ಕ್ಯಾಲಿಬರ್ ಅಂದರೆ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ. .308 ಅಂದರೆ ಒಂದು ಇಂಚಿನ ಸಾವಿರದಲ್ಲಿ 308 ಪಾಲು, ಸುಮಾರು 7.8 ಮಿಲಿಮೀಟರ್. ಆದರೆ ಮಾತಿನಲ್ಲಿ ಕ್ಯಾಲಿಬರ್ ಅಂದಾಗ ಜನ ಇಡೀ ತೋಟಾದ ಹೆಸರನ್ನೇ ಹೇಳುತ್ತಿರುತ್ತಾರೆ. .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್, .300 ವಿಂಚೆಸ್ಟರ್ ಮ್ಯಾಗ್ನಮ್, ಈ ಮೂರರ ಗುಂಡಿನ ದಪ್ಪ ಒಂದೇ. ಹಿಂದಿರುವ ಮದ್ದು ಬೇರೆ ಬೇರೆ. ಮ್ಯಾಗ್ನಮ್ ಅಂದರೆ ಮದ್ದು ಜಾಸ್ತಿ, ವೇಗ ಜಾಸ್ತಿ ಇರುವ ತೋಟಾ. .30-06ನ್ನು 'ಥರ್ಟಿ ಆಟ್ ಸಿಕ್ಸ್' ಅನ್ನುತ್ತಾರೆ. 06 ಅಂದರೆ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ 1906ನೇ ಇಸವಿ.

ಗ್ರೇನ್ ಅಂದರೆ ಗುಂಡಿನ ತೂಕ. ಅಕ್ಕಸಾಲಿಗರ ಗುಲಗಂಜಿ ಗೊತ್ತಲ್ಲ, ಒಂದು ಗ್ರೇನ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 180 ಗ್ರೇನ್ ಗುಂಡು ಅಂದರೆ ಹನ್ನೊಂದೂವರೆ ಗ್ರಾಂ ಚಿಲ್ಲರೆ.

ಅಡಿ-ಪೌಂಡ್ ಅಂದರೆ ಗುಂಡಿನ ಹೊಡೆತದ ಲೆಕ್ಕ. ಒಂದು ಪೌಂಡ್ ತೂಕವನ್ನು ಒಂದು ಅಡಿ ಎತ್ತಲು ಬೇಕಾದ ಶಕ್ತಿ. ಡಬ್ಬಿಯ ಮೇಲೆ ಅಚ್ಚಾಗಿರುತ್ತೆ.

ಹಂತ 1: ಕಾನೂನು ನೋಡಿ, ಆಮೇಲೆ ಅಂಗಡಿ

ವೀಸಾ ಮೇಲೆ ಇರುವವರು ಇದನ್ನು ಎರಡು ಸಲ ಓದಿ. ಎಚ್-1ಬಿ, ಎಫ್-1 ತರಹದ ವೀಸಾದಲ್ಲಿ ಇಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಅಮೆರಿಕದ ಒಕ್ಕೂಟ ಕಾನೂನು. ಅದಕ್ಕೆ ಕೆಲವು ವಿನಾಯಿತಿಗಳಿವೆ. ನಮಗೆ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಚಾಲ್ತಿ ಅನ್ನುವ ಪದ ಗಮನಿಸಿ. ಲೈಸೆನ್ಸ್ ಅವಧಿ ಮುಗಿದ ಮೇಲೂ ರೈಫಲ್ ಮನೆಯಲ್ಲೇ ಇದ್ದರೆ ತೊಂದರೆ ನಿಮ್ಮದೇ. ಗ್ರೀನ್‌ಕಾರ್ಡ್ ಇರುವವರಿಗೆ ಈ ಅಡ್ಡಿ ಇಲ್ಲ. ಗ್ರೀನ್‌ಕಾರ್ಡ್ ಅರ್ಜಿ ನಡೆಯುತ್ತಿದ್ದರೆ, ಗೆಳೆಯರ ಮಾತು ನಂಬಿ ಹೆಜ್ಜೆ ಇಡಬೇಡಿ. ನಿಮ್ಮ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಬೇಟೆ ಶಿಕ್ಷಣದ ಕೋರ್ಸ್ ಬೇಕು. ಕೊಲೊರಾಡೊದಲ್ಲಿ 1949ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರೆಲ್ಲರಿಗೂ ಕಡ್ಡಾಯ. ವಾಷಿಂಗ್ಟನ್‌ನಲ್ಲಿ 1972ರ ಜನವರಿ 1ರ ನಂತರ ಹುಟ್ಟಿದವರಿಗೆ. ನಿಮ್ಮ ರಾಜ್ಯದಲ್ಲಿ ಕಡ್ಡಾಯ ಇಲ್ಲದಿದ್ದರೂ ಮಾಡಿ. ಕೊಡಗಿನ ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವರು ಇದು ಯಾಕೆ ಅನ್ನಬಹುದು. ಇಲ್ಲಿನ ಪದ್ಧತಿ, ಇಲ್ಲಿನ ನಿಯಮ ಕಲಿಯಲು ಅದು ಬೇಕು.

ಇನ್ನು ಕ್ಯಾಲಿಬರ್. ಕೊಲೊರಾಡೊದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, ಗುಂಡು 85 ಗ್ರೇನ್‌ಗೆ ಕಡಿಮೆ ಇರಬಾರದು, 100 ಗಜದಲ್ಲಿ 1000 ಅಡಿ-ಪೌಂಡ್ ಹೊಡೆತ ಉಳಿದಿರಬೇಕು, ನಳಿಗೆ 16 ಇಂಚಿಗಿಂತ ಗಿಡ್ಡ ಇರಬಾರದು. ಆರೆಗನ್, ವಾಷಿಂಗ್ಟನ್‌ಗಳಲ್ಲೂ ಕನಿಷ್ಠ .24. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ನಿಯಮ ವರ್ಷ ವರ್ಷ ಬದಲಾಗುತ್ತೆ, ಹಾಗಾಗಿ ಆ ವರ್ಷದ ರಾಜ್ಯದ ಕೈಪಿಡಿ ಇಳಿಸಿಕೊಂಡು ಓದಿ.

ಎಚ್ಚರಿಕೆ: ಕಾನೂನಿನ ಕನಿಷ್ಠ ಅಂದರೆ ಸಾಕಾಗುವಷ್ಟು ಅಂತಲ್ಲ. .243 ವಿಂಚೆಸ್ಟರ್ ಕಾನೂನಿಗೆ ಸರಿಹೋಗುತ್ತೆ. ನುರಿತವರು ಅದರಲ್ಲೇ ಎಲ್ಕ್ ಹೊಡೆದಿದ್ದಾರೆ ಕೂಡ. ಆದರೆ ಮೊದಲ ವರ್ಷದವರಿಗೆ ಕಗ್ಗಾಡಿನಲ್ಲಿ ಅದನ್ನು ಕೊಡಲು ನನ್ನ ಮನಸ್ಸು ಒಪ್ಪಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 2: ಕಾಡು ಏನು ಕೇಳುತ್ತೆ ಅಂತ ತಿಳಿಯಿರಿ

ಕಗ್ಗಾಡಿನಲ್ಲಿ ಬಹುತೇಕ ಈಡು 100 ಗಜದೊಳಗೇ ಆಗುತ್ತೆ. ಎಷ್ಟೋ ಸಲ 30-40 ಗಜ. ಬಿದ್ದ ಮರಗಳು, ಒಣ ರೆಂಬೆಗಳು, ಮೊಣಕಾಲುದ್ದ ಹಿಮ. ಕಾಣುವುದು ಇಡೀ ಪ್ರಾಣಿಯಲ್ಲ. ಒಂದು ಕಿವಿ, ಕಾಲಿನ ಒಂದು ಗೆರೆ, ಕಂದು ಬೆನ್ನಿನ ಒಂದು ತುಂಡು. ಸಿಗುವ ಸಮಯ ನಾಲ್ಕೈದು ಸೆಕೆಂಡ್.

ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ದೂರ ಹಾರುವ ವೇಗದ ತೋಟಾ ನಿಮಗೆ ಬೇಕಿಲ್ಲ. .308 ಕೂಡ 100 ಗಜದೊಳಗೆ ಗುರಿ ಇಟ್ಟ ಜಾಗಕ್ಕೇ ಬೀಳುತ್ತೆ, ಇಳಿತದ ಲೆಕ್ಕ ಹಾಕುವ ಕೆಲಸವೇ ಇಲ್ಲ.

ಎರಡನೆಯದು ಇನ್ನೂ ಮುಖ್ಯ, ಇಡೀ ಲೇಖನದ ಜೀವ ಅದರಲ್ಲಿದೆ. ಗುಂಡು ತಿಂದ ಎಲ್ಕ್ ಹಲವು ಸಲ ಏನೂ ಆಗದ ಹಾಗೆ ನಡೆದು ಹೋಗುತ್ತೆ. ಶ್ವಾಸಕೋಶಕ್ಕೆ ಸರಿಯಾಗಿ ಬಿದ್ದರೂ 50 ಗಜ, 100 ಗಜ ಹೋಗಬಹುದು. ಬಯಲಲ್ಲಾದರೆ ಬಿದ್ದದ್ದು ಕಣ್ಣಿಗೆ ಕಾಣುತ್ತೆ. ಇಲ್ಲಿ ಇಪ್ಪತ್ತು ಹೆಜ್ಜೆ ಇಟ್ಟರೆ ಸಾಕು, ಮಾಯ. ಆಮೇಲೆ ನಿಮಗೆ ದಾರಿ ತೋರಿಸುವುದು ರಕ್ತದ ಜಾಡು ಒಂದೇ. ಎಲ್ಕ್‌ನ ಕೂದಲು ದಟ್ಟ, ಚರ್ಮ ದಪ್ಪ. ಗುಂಡು ಒಳಹೊಕ್ಕ ಸಣ್ಣ ತೂತು ಎಷ್ಟೋ ಸಲ ಮುಚ್ಚಿಕೊಂಡು ಹೊರಗೆ ಒಂದು ಹನಿ ರಕ್ತ ಬೀಳುವುದಿಲ್ಲ. ಗುಂಡು ಆಚೆ ಬದಿಯಿಂದ ಹೊರಗೆ ಬಂದಿದ್ದರೆ ಆ ತೂತು ದೊಡ್ಡದಿರುತ್ತೆ, ರಕ್ತ ಸುರಿಯುತ್ತೆ, ಜಾಡು ಸಿಗುತ್ತೆ. ಹಾಗಾಗಿ ಕಗ್ಗಾಡಿಗೆ ಬೇಕಾದದ್ದು ಎರಡು ತೂತು ಮಾಡುವ ಗುಂಡು. ನೋವಿನಲ್ಲಿ ಓಡಿಹೋಗಿ ಎಲ್ಲೋ ಬಿದ್ದು ಕೊಳೆಯುವ ಪ್ರಾಣಿಯ ಪಾಪ ಯಾರಿಗೂ ಬೇಡ, ಅಲ್ವಾ?

ಎಚ್ಚರಿಕೆ: 'ಪೊದೆ ಸೀಳುವ ಗುಂಡು' ಅಂತ ಒಂದು ನಂಬಿಕೆ ಇದೆ. ದಪ್ಪ, ಭಾರ, ನಿಧಾನ ಇದ್ದರೆ ರೆಂಬೆ ಕಡಿದುಕೊಂಡು ನೇರ ಹೋಗುತ್ತೆ ಅನ್ನುತ್ತಾರೆ. ಜನ ಕಡ್ಡಿಗಳ ಸಾಲು ನೆಟ್ಟು, ಹಿಂದೆ ಕಾಗದ ಇಟ್ಟು ಹೊಡೆದು ನೋಡಿದ್ದಾರೆ. ಕಡ್ಡಿಗೆ ತಾಗಿದ ಮೇಲೆ ಯಾವ ಗುಂಡಿನ ದಾರಿಯನ್ನೂ ನಂಬುವಂತಿಲ್ಲ. ದಪ್ಪ ಗುಂಡು ಸ್ವಲ್ಪ ಕಡಿಮೆ ಸೊಟ್ಟ ಹೋಗಬಹುದು. ಅದನ್ನು ನಂಬಿ ಒಂದು ಜೀವದ ಮೇಲೆ ಗುಂಡು ಹಾರಿಸುವಂತಿಲ್ಲ. ಪೊದೆ ಅಡ್ಡ ಇದ್ದರೆ ಕಾಯಬೇಕು, ಇಲ್ಲವೇ ಬಿಡಬೇಕು. ಪೊದೆ ಸೀಳಲು ಅಂತಲೇ ಕ್ಯಾಲಿಬರ್ ಆರಿಸಬೇಡಿ.

ಹಂತ 3: ನಿಮ್ಮ ಭುಜ ಎಷ್ಟು ತಡೆಯುತ್ತೆ ನೋಡಿ

ಇದನ್ನು ಜನ ಕೊನೆಗೆ ಯೋಚಿಸುತ್ತಾರೆ. ಮೊದಲು ಯೋಚಿಸಬೇಕು.

ರೈಫಲ್ ಹಾರಿದಾಗ ಹಿಂದಕ್ಕೆ ಒದೆಯುತ್ತೆ. ಒಂದೇ ತೂಕದ ರೈಫಲ್‌ನಲ್ಲಿ 7ಎಂಎಂ-08 ಅನ್ನುವ ಸಣ್ಣ ತೋಟಾಗೆ ಹೋಲಿಸಿದರೆ .338 ವಿಂಚೆಸ್ಟರ್ ಮ್ಯಾಗ್ನಮ್ ಅನ್ನುವ ದೊಡ್ಡ ತೋಟಾದ ಒದೆತ ಎರಡು ಪಟ್ಟಿಗೂ ಜಾಸ್ತಿ. ಒದೆತಕ್ಕೆ ಹೆದರಿದ ದೇಹ, ಗುಂಡು ಹಾರುವ ಮೊದಲೇ ಬಿಗಿಯುತ್ತೆ. ಕಣ್ಣು ಮುಚ್ಚುತ್ತೆ, ಭುಜ ಮುಂದಕ್ಕೆ ತಳ್ಳುತ್ತೆ, ನಳಿಗೆಯ ತುದಿ ಕೆಳಕ್ಕೆ ಇಳಿಯುತ್ತೆ. ಇಲ್ಲಿ ಇದನ್ನು ಫ್ಲಿಂಚ್ ಅನ್ನುತ್ತಾರೆ, ನಾವು ಬೆಚ್ಚುವುದು ಅನ್ನೋಣ. ಬೆಚ್ಚುವವನ ಕೈಯಲ್ಲಿ ಎಷ್ಟು ದೊಡ್ಡ ಕ್ಯಾಲಿಬರ್ ಇದ್ದರೂ ಪ್ರಯೋಜನವಿಲ್ಲ. ಹೊಟ್ಟೆಗೆ ಬಿದ್ದ ಮ್ಯಾಗ್ನಮ್ ಗುಂಡಿಗಿಂತ ಶ್ವಾಸಕೋಶಕ್ಕೆ ಬಿದ್ದ .308 ಎಷ್ಟೋ ಮೇಲು.

ಬೆಚ್ಚುತ್ತೀರೋ ಇಲ್ಲವೋ ಅಂತ ಕಂಡುಹಿಡಿಯಲು ಸುಲಭದ ಪರೀಕ್ಷೆ ಇದೆ. ರೇಂಜಿಗೆ, ಅಂದರೆ ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗಕ್ಕೆ, ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ. ಮದ್ದಿಲ್ಲದ ಡಮ್ಮಿ ತೋಟಾ ಎರಡು ಮೂರು ಕೊಳ್ಳಿ. ನೀವು ಬೇರೆ ಕಡೆ ತಿರುಗಿರುವಾಗ ಅವರು ರೈಫಲ್‌ಗೆ ಒಮ್ಮೆ ನಿಜವಾದದ್ದು, ಒಮ್ಮೆ ಡಮ್ಮಿ ಹಾಕಲಿ. ಯಾವುದು ಅಂತ ಹೇಳದೆ ನಿಮ್ಮ ಕೈಗೆ ಕೊಡಲಿ. ಗುರಿ ಇಟ್ಟು ಟ್ರಿಗರ್, ಅಂದರೆ ಕೋವಿಯ ಕುದುರೆ, ನಿಧಾನಕ್ಕೆ ಎಳೆಯಿರಿ. ಡಮ್ಮಿ ಬಂದಾಗ 'ಟಕ್' ಅಂತ ಸಣ್ಣ ಸದ್ದು ಬರುತ್ತೆ ಅಷ್ಟೇ. ಆ ಕ್ಷಣ ನಳಿಗೆಯ ತುದಿಯನ್ನು ನೋಡಿ. ಕಲ್ಲಿನ ಹಾಗೆ ನಿಂತಿದ್ದರೆ ಸರಿ. ಎರಡು ಬೆರಳು ಕೆಳಕ್ಕೆ ಕುಕ್ಕಿದರೆ ಈ ರೈಫಲ್ ನಿಮಗೆ ಜಾಸ್ತಿಯಾಯಿತು ಅಂತ ಅರ್ಥ. ನಾಚಿಕೆ ಪಡುವಂಥದ್ದೇನಿಲ್ಲ, ಒಂದು ಹೆಜ್ಜೆ ಕೆಳಗಿನ ತೋಟಾಗೆ ಇಳಿಯಿರಿ.

ಕೊಳ್ಳುವ ಮೊದಲು ಈ ಪರೀಕ್ಷೆ ಮಾಡುವುದು ಒಳ್ಳೆಯದು. ಎಷ್ಟೋ ರೇಂಜುಗಳಲ್ಲಿ ರೈಫಲ್ ಬಾಡಿಗೆಗೆ ಸಿಗುತ್ತೆ.

ಎಚ್ಚರಿಕೆ: ಒದೆತ ತಗ್ಗಿಸಲು ನಳಿಗೆ ತುದಿಗೆ ಮಜಲ್ ಬ್ರೇಕ್ ಹಾಕಿಸುವವರಿದ್ದಾರೆ. ಅದು ತೂತುಗಳಿರುವ ಒಂದು ಸಣ್ಣ ಕೊಳವೆ, ಮದ್ದಿನ ಗಾಳಿಯನ್ನು ಪಕ್ಕಕ್ಕೆ, ಹಿಂದಕ್ಕೆ ತಿರುಗಿಸುತ್ತೆ. ಒದೆತ ಇಳಿಯುತ್ತೆ ನಿಜ. ಸದ್ದು ಮಾತ್ರ ನಿಮ್ಮ ಕಿವಿಗೂ ಜೊತೆಯವರ ಕಿವಿಗೂ ಇನ್ನೂ ಜೋರಾಗಿ ಹೊಡೆಯುತ್ತೆ. ಕಾಡಿನಲ್ಲಿ ಕಿವಿಗೆ ಏನೂ ಹಾಕದೆ ನಡೆಯುವ ಅಭ್ಯಾಸ ಇದ್ದರೆ ಇದು ಬೇಡ. ಒಂದೇ ಈಡಿಗೆ ಕಿವಿ ಜೀವನಪೂರ್ತಿ ಹಾಳಾಗಬಹುದು.

ಹಂತ 4: ಕ್ಯಾಲಿಬರ್‌ಗಿಂತ ಮೊದಲು ಗುಂಡು ಆರಿಸಿ

ಜನ ಕ್ಯಾಲಿಬರ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆಮೇಲೆ ಅಂಗಡಿಯಲ್ಲಿ ಅಗ್ಗದ ಡಬ್ಬಿ ಎತ್ತಿಕೊಂಡು ಬರುತ್ತಾರೆ. ಇದು ತಲೆಕೆಳಗಾದ ಲೆಕ್ಕ.

ಸಾಮಾನ್ಯ ಬೇಟೆ ಗುಂಡು ಅಂದರೆ ಸೀಸದ ತಿರುಳು, ಮೇಲೆ ತಾಮ್ರದ ಹೊದಿಕೆ. ಮೈಗೆ ತಾಗಿದಾಗ ತುದಿ ಅರಳಿ ಅಣಬೆ ಹಾಗೆ ಆಗುತ್ತೆ. ಈಗ ಯೋಚಿಸಿ. 30 ಗಜದಲ್ಲಿ ಗುಂಡಿನ ವೇಗ ಇನ್ನೂ ಇಳಿದೇ ಇರುವುದಿಲ್ಲ. ನಳಿಗೆ ಬಿಟ್ಟ ವೇಗದಲ್ಲೇ ಹೋಗಿ ಎಲ್ಕ್‌ನ ಭುಜದ ಮೂಳೆಗೆ ಬಡಿಯುತ್ತೆ. ತೆಳು ಹೊದಿಕೆಯ ಮೆತ್ತನೆ ಗುಂಡಾದರೆ ಅಲ್ಲೇ ಚೂರಾಗಬಹುದು. ಮೇಲೆ ಭಯಂಕರ ಗಾಯ, ಒಳಗೆ ಶ್ವಾಸಕೋಶಕ್ಕೆ ಏನೂ ತಲುಪಿಲ್ಲ. ಮ್ಯಾಗ್ನಮ್‌ನಲ್ಲಿ ವೇಗ ಇನ್ನೂ ಜಾಸ್ತಿ ಇರುವುದರಿಂದ ಈ ಅಪಾಯವೂ ಜಾಸ್ತಿ. ಹತ್ತಿರದ ಬೇಟೆಗೆ ದೊಡ್ಡ ಮ್ಯಾಗ್ನಮ್ ಮತ್ತು ಮೆತ್ತನೆ ಗುಂಡಿನ ಜೋಡಿ ಎಲ್ಲಕ್ಕಿಂತ ಕೆಟ್ಟದ್ದು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಈ ಸಮಸ್ಯೆ ಹೊಸದಲ್ಲ. 1946ರಲ್ಲಿ ಜಾನ್ ನೋಸ್ಲರ್ ಅನ್ನುವವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಗೆ ಹೋಗಿದ್ದರು. ಕೈಯಲ್ಲಿ ಆ ಕಾಲದ ಬಲವಾದ .300 ಎಚ್ ಅಂಡ್ ಎಚ್ ಮ್ಯಾಗ್ನಮ್. ಮೈತುಂಬ ಕೆಸರು ಮೆತ್ತಿಕೊಂಡಿದ್ದ ಗಂಡು ಮೂಸ್‌ಗೆ ಹತ್ತಿರದಿಂದ ಹೊಡೆದರೂ ಗುಂಡು ಒಳಗೆ ಹೋಗದೆ ಒಡೆದುಹೋಯಿತು. ಅದೇ ಕೊರಗಿನಿಂದ ಅವರು ನಡುವೆ ತಾಮ್ರದ ಗೋಡೆ ಇರುವ ಗುಂಡು ಮಾಡಿದರು. ಮುಂದಿನ ಅರ್ಧ ಅರಳುತ್ತೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ತಳ್ಳುತ್ತೆ. ಅದೇ ನೋಸ್ಲರ್ ಪಾರ್ಟಿಶನ್, 1948ರಿಂದ ಮಾರಾಟದಲ್ಲಿದೆ. ಇವತ್ತಿಗೂ ಎಲ್ಕ್‌ಗೆ ಅದು ನಂಬಿಕಸ್ಥ ಗುಂಡು.

ಕಗ್ಗಾಡಿಗೆ ಮೂರು ಬಗೆಯಲ್ಲಿ ಯಾವುದಾದರೂ ಸರಿ. ಒಂದು, ಈ ಪಾರ್ಟಿಶನ್ ತರಹದ್ದು. ಇನ್ನೊಂದು ಬಾಂಡೆಡ್, ಅಂದರೆ ಸೀಸವನ್ನು ಹೊದಿಕೆಗೆ ಬೆಸೆದಿರುವುದು. ನೋಸ್ಲರ್ ಅಕ್ಯುಬಾಂಡ್, ಫೆಡರಲ್ ಟ್ರೋಫಿ ಬಾಂಡೆಡ್ ಈ ಜಾತಿ. ಸ್ವಿಫ್ಟ್ ಎ-ಫ್ರೇಮ್‌ನಲ್ಲಿ ಗೋಡೆಯೂ ಇದೆ, ಬೆಸುಗೆಯೂ ಇದೆ. ಮೂರನೆಯದು ಪೂರ್ತಿ ತಾಮ್ರದ್ದು, ಬಾರ್ನ್ಸ್ ಟಿಎಸ್ಎಕ್ಸ್ ತರಹದ್ದು. ಸೀಸವೇ ಇಲ್ಲ, ತುದಿ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತೆ, ತೂಕ ಹೆಚ್ಚುಕಡಿಮೆ ಹಾಗೇ ಉಳಿಯುತ್ತೆ, ಆಚೆ ಬದಿಗೆ ಹೊರಬರುವ ಸಾಧ್ಯತೆ ಜಾಸ್ತಿ.

ನನ್ನ ಆಯ್ಕೆ ತಾಮ್ರದ್ದು. ಮನೆಯಲ್ಲಿ ಮಕ್ಕಳು ತಿನ್ನುವ ಮಾಂಸದಲ್ಲಿ ಸೀಸದ ಚೂರು ಬೇಡ ಅನ್ನುವುದು ಅರ್ಧ ಕಾರಣ. ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿನ್ನುವ ಹದ್ದುಗಳ ಹೊಟ್ಟೆಗೂ ಸೀಸ ಹೋಗಬಾರದು ಅನ್ನುವುದು ಇನ್ನರ್ಧ. ಡಬ್ಬಿಗೆ ಸ್ವಲ್ಪ ದುಡ್ಡು ಜಾಸ್ತಿ. ಇಡೀ ಋತುವಿಗೆ ನೀವು ಪ್ರಾಣಿಯ ಮೇಲೆ ಹಾರಿಸುವುದು ಒಂದೋ ಎರಡೋ, ಅಲ್ಲಿ ಉಳಿತಾಯ ಬೇಡ.

ಹಂತ 5: ಈಗ ಕ್ಯಾಲಿಬರ್

ಹೊಸಬರಿಗೆ ನನ್ನ ಉತ್ತರ ಸರಳ. .308 ವಿಂಚೆಸ್ಟರ್ ಅಥವಾ .30-06 ಸ್ಪ್ರಿಂಗ್‌ಫೀಲ್ಡ್, 165 ಅಥವಾ 180 ಗ್ರೇನ್ ಗಟ್ಟಿ ಗುಂಡು. 180 ಗ್ರೇನ್‌ನಲ್ಲಿ ನಳಿಗೆ ತುದಿಯ ಹೊಡೆತ .308ಕ್ಕೆ ಸುಮಾರು 2700 ಅಡಿ-ಪೌಂಡ್, .30-06ಕ್ಕೆ ಸುಮಾರು 2900. ಆ 200ರ ವ್ಯತ್ಯಾಸ ಎಲ್ಕ್‌ಗೆ ಗೊತ್ತಾಗುವುದಿಲ್ಲ. .308ರ ತೋಟಾ ಗಿಡ್ಡ, ಹಾಗಾಗಿ ರೈಫಲ್ ಕೂಡ ಸ್ವಲ್ಪ ಗಿಡ್ಡ, ಹಗುರ. ಒದೆತವೂ ಸ್ವಲ್ಪ ಕಡಿಮೆ. ಕಗ್ಗಾಡಿಗೆ ಅಂತಲೇ ಕೊಳ್ಳುವುದಾದರೆ .308. ಮುಂದೆ ಬಯಲಿಗೂ ಹೋಗುವ ಯೋಚನೆ ಇದ್ದರೆ .30-06. ಎರಡರ ತೋಟಾವೂ ಹಳ್ಳಿಯ ಸಣ್ಣ ಅಂಗಡಿಯಲ್ಲೂ ಸಿಗುತ್ತೆ. ಪ್ರಯಾಣದಲ್ಲಿ ಡಬ್ಬಿ ಕಳೆದುಹೋದಾಗ ಇದರ ಬೆಲೆ ಗೊತ್ತಾಗುತ್ತೆ.

ಒದೆತ ಇಷ್ಟವಾಗದವರಿಗೆ, ಸಣ್ಣ ಮೈಕಟ್ಟಿನವರಿಗೆ 7ಎಂಎಂ-08 ರೆಮಿಂಗ್ಟನ್. .308ರ ಕೊಳವೆಯನ್ನೇ ಕಿರಿದು ಮಾಡಿದ ತೋಟಾ ಇದು, 140 ಗ್ರೇನ್ ತಾಮ್ರದ ಗುಂಡಿನ ಜೊತೆ ಹತ್ತಿರದ ಎಲ್ಕ್‌ಗೆ ಧಾರಾಳ ಸಾಕು. 1925ರಿಂದ ಇರುವ .270 ವಿಂಚೆಸ್ಟರ್ ಮನೆಯಲ್ಲಿ ಆಗಲೇ ಇದ್ದರೆ ಹೊಸದು ಕೊಳ್ಳುವ ಅಗತ್ಯವೇ ಇಲ್ಲ, 150 ಗ್ರೇನ್ ಪಾರ್ಟಿಶನ್ ಹಾಕಿಕೊಂಡು ಹೋಗಿ. ಈಚೆಗೆ ಎಲ್ಲರ ಬಾಯಲ್ಲಿರುವ 6.5 ಕ್ರೀಡ್‌ಮೂರ್ ಒದೆತದಲ್ಲಿ ಮೃದು, ಗುರಿಯಲ್ಲಿ ಚೊಕ್ಕ. ಅಡ್ಡ ನಿಂತ ಎಲ್ಕ್‌ಗೆ ಸಾಕು. ಆದರೆ ಕಗ್ಗಾಡಿನಲ್ಲಿ ಎಲ್ಕ್ ಯಾವಾಗಲೂ ಅಡ್ಡ ನಿಲ್ಲುವುದಿಲ್ಲ. ಓರೆಯಾಗಿ ನಿಂತಾಗ ಗುಂಡು ಉದ್ದಕ್ಕೆ ತೂರಿ ಆಚೆ ಬರಬೇಕು. ಅಲ್ಲಿ ಇನ್ನಷ್ಟು ದಪ್ಪ, ಇನ್ನಷ್ಟು ಭಾರ ಇರಲಿ ಅನ್ನಿಸುತ್ತೆ. .243ರ ಬಗ್ಗೆ ಮೇಲೆ ಹೇಳಿದ ಅಳುಕಿಗೂ ಇದೇ ಕಾರಣ.

ಇನ್ನು ದಪ್ಪ ಗುಂಡಿನವು. .358 ವಿಂಚೆಸ್ಟರ್, .35 ವೇಲೆನ್, .338 ಫೆಡರಲ್. ಕಗ್ಗಾಡಿಗೆ ಹೇಳಿ ಮಾಡಿಸಿದ ಹಾಗಿವೆ. ಮಧ್ಯಮ ವೇಗ, 200 ಗ್ರೇನ್ ಆಸುಪಾಸಿನ ಭಾರ, ದೊಡ್ಡ ತೂತು. ಎರಡು ಮೂರು ವರ್ಷ ಬೇಟೆ ಮಾಡಿ, ಇದೇ ಕಾಡಿಗೆ ಮತ್ತೆ ಮತ್ತೆ ಹೋಗುವವರು ಇವನ್ನು ಪ್ರೀತಿಸುತ್ತಾರೆ. ತೊಂದರೆ ಒಂದೇ, ತೋಟಾ ಹುಡುಕಿ ತರಿಸಬೇಕು.

.45-70 ಗವರ್ನಮೆಂಟ್ 1873ರ ತೋಟಾ, ಇನ್ನೂ ಜೀವಂತ ಇದೆ. 45 ಕ್ಯಾಲಿಬರ್, ಆ ಕಾಲದಲ್ಲಿ 70 ಗ್ರೇನ್ ಕಪ್ಪು ಮದ್ದು. ಗಿಡ್ಡ ಲಿವರ್ ರೈಫಲ್‌ನಲ್ಲಿ, ಅಂದರೆ ಟ್ರಿಗರ್ ಸುತ್ತಲಿನ ಹಿಡಿಯನ್ನು ಕೆಳಕ್ಕೆ ಎಳೆದು ತೋಟಾ ಏರಿಸುವ ರೈಫಲ್‌ನಲ್ಲಿ, 100 ಗಜದೊಳಗೆ ಇದು ಅದ್ಭುತ. 150 ಗಜ ದಾಟಿದರೆ ಗುಂಡು ಬೇಗ ಇಳಿಯುತ್ತೆ. .30-30 ವಿಂಚೆಸ್ಟರ್ ಕೂಡ ಲಿವರ್ ರೈಫಲ್‌ನದೇ. 170 ಗ್ರೇನ್ ಗುಂಡು 100 ಗಜದಲ್ಲಿ 1350 ಅಡಿ-ಪೌಂಡ್ ಆಸುಪಾಸು ಉಳಿಸಿಕೊಳ್ಳುತ್ತೆ, ಕಾನೂನಿಗೆ ಸರಿಯೇ. ತುಂಬಾ ಹತ್ತಿರ, ಅಡ್ಡ ನಿಂತ ಪ್ರಾಣಿ, ತಾಳ್ಮೆ ಇರುವವರ ಕೈ, ಈ ಮೂರೂ ಇದ್ದಾಗ ಮಾತ್ರ.

.300 ವಿಂಚೆಸ್ಟರ್ ಮ್ಯಾಗ್ನಮ್, 7ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, .338 ವಿಂಚೆಸ್ಟರ್ ಮ್ಯಾಗ್ನಮ್, ಇವು ಕೆಟ್ಟವಲ್ಲ. ಆಗಲೇ ನಿಮ್ಮಲ್ಲಿದ್ದು, ಬೆಚ್ಚದೆ ಹೊಡೆಯುವುದಾದರೆ, ಗಟ್ಟಿ ಗುಂಡು ಹಾಕಿಕೊಂಡು ಹೋಗಿ. ಕಗ್ಗಾಡಿಗೆ ಅಂತ ಹೊಸದಾಗಿ ಕೊಳ್ಳಲು ಮಾತ್ರ ನನಗೆ ಕಾರಣ ಕಾಣುವುದಿಲ್ಲ.

ಇಲ್ಲಿ ಮೂರು ಎಚ್ಚರಿಕೆ, ಮೂರೂ ಪ್ರಾಣಕ್ಕೆ ಸಂಬಂಧಿಸಿದವು.

ಲಿವರ್ ರೈಫಲ್‌ಗಳಲ್ಲಿ ನಳಿಗೆ ಕೆಳಗೆ ಉದ್ದ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಚೂಪು ಲೋಹದ ತುದಿಯ ಗುಂಡು ಮುಂದಿನ ತೋಟಾದ ಕೇಪಿಗೆ ಒತ್ತಿಕೊಂಡಿರುತ್ತೆ. ಒದೆತಕ್ಕೆ ಒಳಗೇ ಸಿಡಿಯಬಹುದು. ಅದಕ್ಕೆ ಚಪ್ಪಟೆ ತುದಿಯ ಗುಂಡು, ಇಲ್ಲವೇ ಹಾರ್ನಡಿ ಲೆವರೆವಲ್ಯೂಶನ್ ತರಹ ಮೆತ್ತನೆ ತುದಿಯ, ಈ ರೈಫಲ್‌ಗಳಿಗೆಂದೇ ಮಾಡಿದ ತೋಟಾ ಮಾತ್ರ ಹಾಕಿ.

ಕಪ್ಪು ಮದ್ದಿನ ಕಾಲದ ಹಳೆಯ 'ಟ್ರ್ಯಾಪ್‌ಡೋರ್' ರೈಫಲ್‌ಗೆ ಇವತ್ತಿನ ಬಲವಾದ .45-70 ತೋಟಾ ಹಾಕಬೇಡಿ. ಹೆಸರು ಒಂದೇ, ಒಳಗಿನ ಒತ್ತಡ ಬೇರೆ.

.300 ಅಂತ ಶುರುವಾಗುವ ತೋಟಾಗಳು ಹಲವು, 7ಎಂಎಂ ಅಂತ ಶುರುವಾಗುವವೂ ಹಲವು. ನಳಿಗೆಯ ಮೇಲೆ ಕೆತ್ತಿದ ಪೂರ್ತಿ ಹೆಸರು ಮತ್ತು ತೋಟಾದ ತಳದಲ್ಲಿ ಕೆತ್ತಿದ ಪೂರ್ತಿ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು.

ಹಂತ 6: ರೈಫಲ್ ಗಿಡ್ಡ ಇರಲಿ, ಸ್ಕೋಪ್ ಚಿಕ್ಕದಿರಲಿ

20ರಿಂದ 22 ಇಂಚಿನ ನಳಿಗೆ ಸಾಕು. 26 ಇಂಚಿನದು ಪ್ರತಿ ರೆಂಬೆಗೂ ಸಿಕ್ಕಿಕೊಳ್ಳುತ್ತೆ. ಸ್ಕೋಪ್ ಸೇರಿ ಎಂಟು ಪೌಂಡ್ ಸುತ್ತಮುತ್ತ ಇದ್ದರೆ ದಿನವಿಡೀ ಹೊರಬಹುದು. ತೀರಾ ಹಗುರ ತಗೊಂಡರೆ ಒದೆತ ಜಾಸ್ತಿ.

ಸ್ಕೋಪ್ ಅಂದರೆ ರೈಫಲ್ ಮೇಲಿನ ದುರ್ಬೀನು. 1-4, 1-6 ಅಥವಾ 2-7 ಪಟ್ಟು ದೊಡ್ಡದು ಮಾಡುವಂಥದ್ದು ಸಾಕು. ಎಲ್ಲರ ಹತ್ತಿರವೂ ಇರುವ 3-9 ಕೂಡ ನಡೆಯುತ್ತೆ, ಆದರೆ ಕಾಡಿಗೆ ಕಾಲಿಡುವ ಮೊದಲು 3ಕ್ಕೆ ತಿರುಗಿಸಿಡಿ. ನನ್ನ ಮೊದಲ ವರ್ಷ ಸ್ಕೋಪ್ 9ರಲ್ಲೇ ಉಳಿದಿತ್ತು. ಮೂವತ್ತು ಹೆಜ್ಜೆ ದೂರದಲ್ಲಿ ಹೆಣ್ಣು ಎಲ್ಕ್ ಎದ್ದು ನಿಂತಿತು. ರೈಫಲ್ ಎತ್ತಿದರೆ ಸ್ಕೋಪ್ ತುಂಬ ಬರೀ ಕಂದು ಕೂದಲು. ಒಂದೊಂದು ಎಳೆಯೂ ಕಾಣುತ್ತಿತ್ತು, ತುದಿಯಲ್ಲಿ ಹಿಮದ ಹರಳು ಅಂಟಿಕೊಂಡಿತ್ತು. ಅದು ಭುಜವೋ, ತೊಡೆಯೋ, ಹೊಟ್ಟೆಯೋ ಗೊತ್ತಾಗಲಿಲ್ಲ. ಹೊಡೆಯಲಿಲ್ಲ. ಅದು ಹೋಯಿತು.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಸ್ಕೋಪ್ ನಳಿಗೆಗಿಂತ ಒಂದೂವರೆ ಇಂಚು ಮೇಲಿರುತ್ತೆ. ನೀವು ಬಿದ್ದ ಮರದ ಮೇಲೆ ರೈಫಲ್ ಇಟ್ಟಾಗ ಸ್ಕೋಪಿನಲ್ಲಿ ಎಲ್ಲ ಸ್ವಚ್ಛ ಕಾಣಬಹುದು. ನಳಿಗೆಯ ಮುಂದೆ ಮಾತ್ರ ಒಂದು ಮೋಟು ರೆಂಬೆ ಇರಬಹುದು. ಗುರಿ ಇಟ್ಟ ಮೇಲೆ ಒಮ್ಮೆ ತಲೆ ಎತ್ತಿ ನಳಿಗೆ ತುದಿ ನೋಡಿಕೊಳ್ಳಿ.

ನಳಿಗೆಯ ಬಾಯಿಗೆ ಒಂದು ತುಂಡು ಇನ್ಸುಲೇಷನ್ ಟೇಪ್ ಅಂಟಿಸಿ. ಹಿಮ, ಎಲೆ ಒಳಗೆ ಹೋಗುವುದಿಲ್ಲ. ಟೇಪ್ ಮೇಲೇ ಹೊಡೆಯಬಹುದು, ಗುಂಡಿಗೆ ಏನೂ ಆಗುವುದಿಲ್ಲ. ಹಿಮ ತುಂಬಿದ ನಳಿಗೆಯಲ್ಲಿ ಹೊಡೆದರೆ ನಳಿಗೆಯೇ ಸಿಡಿಯಬಹುದು.

ಹಂತ 7: ಅಭ್ಯಾಸ, ಮೇಜು ಬಿಟ್ಟು

ಮೇಜಿನ ಮೇಲೆ ಇಟ್ಟು 100 ಗಜಕ್ಕೆ ಗುರಿ ಹೊಂದಿಸಿಕೊಳ್ಳಿ. ಕಾಡಿಗೆ ಒಯ್ಯುವ ಅದೇ ಡಬ್ಬಿಯ ತೋಟಾದಲ್ಲೇ ಹೊಂದಿಸಬೇಕು. ಅಗ್ಗದ್ದರಲ್ಲಿ ಹೊಂದಿಸಿ ದುಬಾರಿಯದನ್ನು ಒಯ್ದರೆ ಗುಂಡು ಬೇರೆ ಕಡೆ ಬೀಳುತ್ತೆ.

ಆಮೇಲೆ ಮೇಜು ಬಿಟ್ಟು ಏಳಿ. ಊಟದ ಕಾಗದದ ತಟ್ಟೆ, ಎಂಟೊಂಬತ್ತು ಇಂಚಿನದು, 50 ಗಜದಲ್ಲಿ ಕಟ್ಟಿ. ನಿಂತು ಐದು, ಮಂಡಿಯೂರಿ ಐದು ಹೊಡೆಯಿರಿ. ಹತ್ತೂ ತಟ್ಟೆಯಲ್ಲಿ ಬಿದ್ದರೆ 75 ಗಜಕ್ಕೆ ಸರಿಸಿ. ಎಲ್ಲಿ ತಟ್ಟೆ ತಪ್ಪಲು ಶುರುವಾಯಿತೋ ಅದೇ ನಿಮ್ಮ ಗಡಿ, ಕಾಡಿನಲ್ಲಿ ಅದನ್ನು ದಾಟಬೇಡಿ. ಮೊದಲ ಗುಂಡು ಹಾರಿದ ತಕ್ಷಣ ಬೋಲ್ಟ್, ಅಂದರೆ ತೋಟಾ ಏರಿಸುವ ಹಿಡಿ, ಎಳೆದು ಇನ್ನೊಂದು ತೋಟಾ ಏರಿಸುವುದು ಕೈಗೆ ರೂಢಿಯಾಗಬೇಕು, ರೈಫಲ್ ಭುಜದಿಂದ ಇಳಿಸದೆ.

ಹಂತ 8: ಆ ನಾಲ್ಕು ಸೆಕೆಂಡ್, ಅದರ ನಂತರ

ಕೊಲೊರಾಡೊದಲ್ಲಿ ರೈಫಲ್ ಬೇಟೆಗೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ, ಜೊತೆಗೆ ಎಲ್ಲ ಕಡೆಯಿಂದ ಕಾಣುವ ಅದೇ ಬಣ್ಣದ ಟೋಪಿ ಕಡ್ಡಾಯ. ಕಂದು ಬಣ್ಣ ಕಂಡ ಮಾತ್ರಕ್ಕೆ ರೈಫಲ್ ಎತ್ತಬೇಡಿ. ಸ್ಕೋಪನ್ನು ದುರ್ಬೀನಿನ ಹಾಗೆ ಬಳಸಲೇಬೇಡಿ, ಆ ಕಡೆ ಮನುಷ್ಯರಿರಬಹುದು. ಇಡೀ ಪ್ರಾಣಿ, ಅದರ ಹಿಂದೆ ಏನಿದೆ, ಎರಡೂ ಖಚಿತವಾಗಬೇಕು. ಕೊಂಬಿನ ನಿಯಮ ಇರುವ ಕಡೆ ಕವಲು ಎಣಿಸಬೇಕು. ಕೊಲೊರಾಡೊದ ಹೆಚ್ಚಿನ ಕಡೆ ಗಂಡು ಎಲ್ಕ್‌ಗೆ ಒಂದು ಕೊಂಬಿನಲ್ಲಿ ನಾಲ್ಕು ಕವಲು, ಇಲ್ಲವೇ ಹಣೆಯ ಕವಲು ಐದು ಇಂಚು ಇರಬೇಕು.

ಅಡ್ಡ ನಿಂತಿದ್ದರೆ ಮುಂಗಾಲಿನ ಹಿಂದೆ, ಮೈಯ ಎತ್ತರದ ಕೆಳಗಿನ ಮೂರನೇ ಒಂದು ಪಾಲಿನಲ್ಲಿ ಗುರಿ ಇಡಿ. ನಿಮ್ಮಿಂದ ಆಚೆಗೆ ಓರೆಯಾಗಿದ್ದರೆ, ಆಚೆ ಬದಿಯ ಮುಂಗಾಲಿಗೆ ಗುಂಡು ಹೊರಬರುವ ಹಾಗೆ ನೋಡಿಕೊಳ್ಳಿ. ನೇರ ಹಿಂಬದಿ ಕಂಡರೆ ಬಿಟ್ಟುಬಿಡಿ.

ಹೊಡೆದ ಮೇಲೆ ಓಡಬೇಡಿ. ನೀವು ನಿಂತ ಜಾಗಕ್ಕೆ ಒಂದು ಕಿತ್ತಳೆ ಪಟ್ಟಿ ಕಟ್ಟಿ. ಎಲ್ಕ್ ನಿಂತಿದ್ದ ಮರ ಗುರುತಿಟ್ಟುಕೊಳ್ಳಿ. ಗಡಿಯಾರ ನೋಡಿ ಅರ್ಧ ಗಂಟೆ ಕೂರಿ. ಆಮೇಲೆ ನಿಧಾನಕ್ಕೆ ಹೋಗಿ ಕೂದಲು, ರಕ್ತ ಹುಡುಕಿ. ನೊರೆ ನೊರೆ ತಿಳಿಗೆಂಪು ರಕ್ತವಾದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತೆ. ರಕ್ತದ ಜೊತೆ ಹಸಿರು, ಮೇವಿನ ವಾಸನೆ ಇದ್ದರೆ ಹೊಟ್ಟೆ. ಹಾಗಾದರೆ ಹಿಂದಕ್ಕೆ ಬಂದು ಇನ್ನೂ ಹಲವು ಗಂಟೆ ಕಾಯಬೇಕು. ಬೆನ್ನಟ್ಟಿದರೆ ಬೆಟ್ಟ ದಾಟುತ್ತೆ. ರಕ್ತವೇ ಕಾಣದಿದ್ದರೂ ತಪ್ಪಿತು ಅಂದುಕೊಳ್ಳಬೇಡಿ. ಹೆಜ್ಜೆ ಹಿಡಿದು ಕನಿಷ್ಠ 200 ಗಜ ನೋಡಿ.

ಋತು ಮುಗಿದ ಮೇಲೆ ಒಂದು ಕೆಲಸ. ಬೇಟೆಯ ಜಾಕೆಟ್, ಪ್ಯಾಂಟ್, ಬೆನ್ನಿನ ಚೀಲ, ಎಲ್ಲದರ ಜೇಬುಗಳನ್ನೂ ಮಗುಚಿ ನೋಡಿ. ಡಿಸೆಂಬರ್‌ನಲ್ಲಿ ಅದೇ ಚೀಲ ಹೊತ್ತುಕೊಂಡು ಬೆಂಗಳೂರಿಗೆ ಹೊರಡುವವರು ನಾವು. ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾ ಸಿಕ್ಕಿಬಿದ್ದರೂ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೇಸ್ ಆಗುತ್ತೆ. ಚೀಲದ ಒಳಪದರದ ಹೊಲಿಗೆ ಹತ್ತಿರವೂ ಕೈ ಹಾಕಿ ನೋಡಿ, ಸಣ್ಣ ವಸ್ತುಗಳು ಅಲ್ಲೇ ಜಾರಿಕೊಂಡಿರುತ್ತವೆ.